ಒಂದು ತಾಸು ಹತ್ತು ನಿಮಿಷ

"ಸುಧಾರಾಣಿ ಹೊಸಮನಿ ಅನ್ನೋರು ನೀವ ಏನ್ರಿ?"

ಫೋನಿನಲ್ಲಿ ಕೇಳಿದ್ದು ಒಂದು ಹೆಂಗಸಿನ ದನಿ. ಸುಧಾರಾಣಿ ತೊಡೆಯ ಮೇಲಿದ್ದ ಮೊರವನ್ನು ಪಕ್ಕಕ್ಕಿಟ್ಟಳು. ಚಿಕ್ಕೇರೂರಿನ ಅಂಗನವಾಡಿಯ ಕಟ್ಟೆಯ ಮೇಲೆ ಅವಳೂ ಸಹಾಯಕಿ ಅಡಿವೆವ್ವನೂ ಮರುದಿನದ ಬೇಳೆ ಹಸನು ಮಾಡುತ್ತ ಕೂತಿದ್ದರು. ಮಕ್ಕಳು ಮನೆಗೆ ಹೋಗಿ ಎರಡು ತಾಸು ಕಳೆದಿತ್ತು. ಸಂಜೆಯ ಬಿಸಿಲು ಗೋಡೆಯ ಮೇಲೆ ಬರೆಸಿದ್ದ ಅಕ್ಷರಗಳ ಮೇಲಿನ ಸಾಲಿಗೆ ಏರಿತ್ತು.

"ಹೌದ್ರಿ, ನಾನ."

"ನಾನು ಹುಬ್ಬಳ್ಳಿಯಿಂದ ರಂಜನಾ ಅಂತ. ರಕ್ತ ಕೊಡೋರ ಪಟ್ಟಿ ಇಟ್ಕೊಂಡು ಫೋನ್ ಮಾಡ್ತಿರ್ತೇನಿ. ಎರಡು ವರ್ಷದ ಹಿಂದ ನಿಮಗ ಒಮ್ಮೆ ಮಾಡಿದ್ದೆ."

ನೆನಪಿಲ್ಲ ಎಂದು ಹೇಳಬಹುದಿತ್ತು. "ನೆನಪೈತ್ರಿ" ಅಂದಳು ಸುಧಾರಾಣಿ.

ರಂಜನಾ ಗಡಿಬಿಡಿಯಿಲ್ಲದೆ, ಆದರೆ ಒಂದು ಮಾತೂ ಹೆಚ್ಚಿಲ್ಲದಂತೆ ಹೇಳಿದಳು. ಮೈಸೂರಿನ ಆಸ್ಪತ್ರೆಯೊಂದರಲ್ಲಿ ಇಪ್ಪತ್ತಾರು ವರ್ಷದ ಬಾಣಂತಿ ಇದ್ದಾಳೆ. ಹೆರಿಗೆಯಾಗಿ ನಾಲ್ಕು ದಿನ. ಮಗು ಚೆನ್ನಾಗಿದೆ. ತಾಯಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ, ಮತ್ತೆ ಆಪರೇಷನ್ ಮಾಡಬೇಕು. ಅವಳದು ಬಾಂಬೆ ಗುಂಪಿನ ರಕ್ತ, ತೀರ ಅಪರೂಪದ್ದು, ಅದೇ ಗುಂಪಿನವರದಲ್ಲದೆ ಬೇರೆ ಯಾರದೂ ಹೊಂದುವುದಿಲ್ಲ. ಬೆಂಗಳೂರಿನಿಂದ ಒಂದು ಚೀಲ ಬಂದಿದೆ. ಎರಡನೆಯದು ಕೈಯಲ್ಲಿಲ್ಲದೆ ಡಾಕ್ಟರು ಹೊಟ್ಟೆಗೆ ಕೈ ಹಾಕುವುದಿಲ್ಲ. ನಾಳೆ ಕತ್ತಲಾಗುವುದರೊಳಗೆ ಅದು ಅಲ್ಲಿ ಮುಟ್ಟಲೇಬೇಕು ಅಂದಿದ್ದಾರೆ.

"ಈ ಸುತ್ತಿನಾಗ ನಿಮ್ಮ ಗುಂಪಿನೋರು ನೀವೊಬ್ರ ಇದ್ದೀರಿ ಅಕ್ಕಾರ."

"ನಾ ರಾತ್ರಿ ಬಸ್ಸಿಗೆ ಮೈಸೂರಿಗೇ ಹೋಗ್ಲೇನ್ರಿ?"

"ಬ್ಯಾಡ. ರಾತ್ರಿಯೆಲ್ಲಾ ನಿದ್ದಿಗೆಟ್ಟು ಹೋದೋರ ರಕ್ತ ತಗೊಳ್ಳೂದಿಲ್ಲ. ಹಂಗ ಹೋಗಿ ತಿರುಗಿ ಬಂದೋರನ್ನ ನೋಡೇನಿ. ನೀವು ಉಂಡು, ಮಲಕೊಂಡು, ಮುಂಜಾನೆ ಹುಬ್ಬಳ್ಳಿಗೆ ಬರ್ರಿ. ಇಲ್ಲೆ ತಗೊಂಡು, ಇಲ್ಲೆ ಪರೀಕ್ಷೆ ಮಾಡಿ ಕಳಸ್ತೇವಿ. ನಾಳೆ ಮೂರೂ ಹತ್ತಕ್ಕ ಮೈಸೂರಿಗೆ ವಿಮಾನ ಅದ. ಒಂದು ತಾಸು ಹತ್ತು ನಿಮಿಷದಾಗ ಮುಟ್ಟತದ. ವಾರದಾಗ ಮೂರು ದಿನ ಅಷ್ಟ ಅದು. ನಾಳಿದು ತಪ್ಪಿದ್ರ ಇನ್ನೆರಡು ದಿನ ಇಲ್ಲ."

"ಬರ್ತೇನಿ" ಅಂದಳು ಸುಧಾರಾಣಿ. ಹೇಳಿದ ಮೇಲೆ ತಾನು ಯಾರನ್ನೂ ಕೇಳದೆ ಹೇಳಿದೆ ಎಂಬುದು ಅವಳಿಗೆ ಹೊಳೆಯಿತು.

ಅಡಿವೆವ್ವ ಬೇಳೆಯಿಂದ ಕಲ್ಲೊಂದನ್ನು ಹೆಕ್ಕಿ ಅಂಗಳಕ್ಕೆ ಎಸೆದಳು. "ನಾಳೆ ಸಾಲಿ ನಾ ನೋಡ್ಕೋತೇನಿ" ಅಂದಳು. ಫೋನಿನ ಮಾತೆಲ್ಲ ಅವಳಿಗೆ ಕೇಳಿಸಿತ್ತು. "ಕೂಸುಗಳು ನನ್ನ ಮಾತು ನಿನಕಿಂತ ಚಲೋ ಕೇಳ್ತಾವು."

ಎರಡು ವರ್ಷದ ಹಿಂದೆ ಬಂದ ಕರೆಯ ವಿಷಯ ಸುಧಾರಾಣಿ ಯಾರೆದುರೂ ಆಡಿದವಳಲ್ಲ. ಅದು ಕಲಬುರಗಿಯಿಂದ ಬಂದ ಬೇಡಿಕೆ. ಮಳೆಗಾಲ, ಮಧ್ಯಾಹ್ನದ ಒಂದು ಗಂಟೆ. ಮೈದುನನ ಮನೆಯಿಂದ ಬಂದು ಉಳಿದಿದ್ದ ಅತ್ತೆಗೆ ಜ್ವರ. ಬಸ್ಸು ಹಿಡಿದರೆ ಹತ್ತು ಹನ್ನೊಂದು ತಾಸಿನ ದಾರಿ. "ಇವತ್ತು ಆಗಂಗಿಲ್ಲ, ನಾಳೆ ನೋಡೋಣ್ರಿ" ಅಂದಿದ್ದಳು. ಮರುದಿನ ಅವಳೇ ಫೋನು ಮಾಡಿದಾಗ ರಂಜನಾ "ಈಗ ಬ್ಯಾಡ್ರಿ" ಎಂದಷ್ಟೇ ಹೇಳಿ ಇಟ್ಟಿದ್ದಳು. ಯಾಕೆ ಬೇಡ? ಬೇರೆ ಯಾರಾದರೂ ಸಿಕ್ಕರೋ, ಇಲ್ಲ... ಸುಧಾರಾಣಿ ಕೇಳಲಿಲ್ಲ. ಕೇಳದೆ ಇದ್ದದ್ದು ಅತ್ತೆಯ ಜ್ವರ ಇಳಿದ ಮೇಲೂ, ಆ ವರ್ಷದ ಮಳೆ ಹೋದ ಮೇಲೂ ಉಳಿದುಕೊಂಡಿತು. ಊರಿನ ಬಸುರಿಯರಿಗೆ ಕಬ್ಬಿಣದ ಗುಳಿಗೆ ಹಂಚುವಾಗ, ಇದ್ದಕ್ಕಿದ್ದಂತೆ, ಕಲಬುರಗಿಯಲ್ಲಿ ಮಲಗಿದ್ದವರು ಗಂಡಸೋ ಹೆಂಗಸೋ ಎಂದು ಯೋಚನೆ ಬರುತ್ತಿತ್ತು.

ಗಂಡ ಮೃತ್ಯುಂಜಯ ಹಿರೇಕೆರೂರಿನಲ್ಲಿ ಪಂಪುಸೆಟ್ಟು ರಿಪೇರಿಯ ಅಂಗಡಿ ಇಟ್ಟಿದ್ದ. ಮನೆಗೆ ಬಂದು ಕೈಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತಿಕ್ಕಿಕೊಳ್ಳುತ್ತಿದ್ದಾಗ ಸುಧಾರಾಣಿ ವಿಷಯ ಹೇಳಿದಳು. ಅವನು ಕೈ ತೊಳೆಯುವುದನ್ನು ನಿಲ್ಲಿಸಲಿಲ್ಲ.

"ನಿನಗ ಬೇಕಾದ್ರ ಯಾರು ಕೊಡ್ತಾರ?" ಅಂದ.

ಹದಿನಾಲ್ಕು ವರ್ಷದ ಹಿಂದೆ, ಮಗಳು ವಿದ್ಯಾ ಹುಟ್ಟಿದಾಗ, ಸುಧಾರಾಣಿಗೂ ಹೀಗೇ ಆಗಿತ್ತು. ಆಸ್ಪತ್ರೆಯ ಹೊರಗೆ ಹದಿನೇಳು ಮಂದಿ ಗಂಡಸರು ಒಬ್ಬರ ಹಿಂದೊಬ್ಬರು ತೋಳು ಕೊಟ್ಟಿದ್ದರು. ಅಂಗಡಿಯ ಜೊತೆಗಾರರು, ಸಂಬಂಧಿಕರು, ಮೆಕ್ಕೆಜೋಳ ತುಂಬಿಕೊಂಡು ಬಂದಿದ್ದ ಲಾರಿಯ ಡ್ರೈವರು. ಒಬ್ಬರದೂ ಹೊಂದಲಿಲ್ಲ. ಆಮೇಲೆ ಬೆಂಗಳೂರಿನಿಂದ ಬಂದ ಕಾಗದದಲ್ಲಿ ಅವಳ ಗುಂಪಿನ ಹೆಸರಿತ್ತು. ರಕ್ತವಿಲ್ಲದೆಯೇ ಅವಳು ಹೇಗೋ ಉಳಿದಳು. ನಲವತ್ತು ದಿನ ಹಾಸಿಗೆಯಲ್ಲಿದ್ದಳು. ಆ ಹದಿನೇಳು ಮಂದಿಯ ಹೆಸರು ಮೃತ್ಯುಂಜಯನಿಗೆ ಈಗಲೂ ಸಾಲಾಗಿ ಬಾಯಿಗೆ ಬರುತ್ತಿತ್ತು.

"ಇದ್ದದ್ದನ್ನ ಇಟಗೋ ಅಂತೇನಿ" ಅಂದ ಅವನು. "ಬ್ಯಾರೆ ಗುಂಪಾಗಿದ್ರ ನಾ ಮಾತಾಡ್ತಿದ್ದಿಲ್ಲ."

"ಅಕಿ ಮನ್ಯಾಗೂ ಯಾರೋ ಹಿಂಗ ಕೈ ತಿಕ್ಕೋತ ನಿಂತಿರ್ತಾರ" ಅಂದಳು ಸುಧಾರಾಣಿ.

ಅವನು ಕೈ ಒರೆಸಿಕೊಂಡ. ಊಟಕ್ಕೆ ಕೂತಾಗ ತನ್ನ ತಟ್ಟೆಯಿಂದ ಪಲ್ಯವನ್ನು ತೆಗೆದು ಅವಳ ತಟ್ಟೆಗೆ ಹಾಕಿದ. ವಿದ್ಯಾ ನೋಡಿ ನಕ್ಕಳು. ಅವನು ನಗಲಿಲ್ಲ.

ಬೆಳಿಗ್ಗೆ ಅವಳು ಹೆರಳು ಹಾಕಿಕೊಳ್ಳುವುದರೊಳಗೆ ಅಂಗಳದಲ್ಲಿ ಬೈಕು ಚಾಲೂ ಆಗಿತ್ತು. ಆರು ಗಂಟೆಯ ಬಸ್ಸಿನ ಕಿಟಕಿಯ ಪಕ್ಕದ ಸೀಟನ್ನು ಅವನೇ ಹತ್ತಿ ಹಿಡಿದುಕೊಟ್ಟ. ಹುರಿದ ಶೇಂಗಾ ಬೆಲ್ಲದ ಪೊಟ್ಟಣವನ್ನು ಕೈಗಿತ್ತು, "ಮುಟ್ಟಿದ ಮ್ಯಾಲೆ ಫೋನ್ ಮಾಡು. ಆದ ಮ್ಯಾಲೂ ಮಾಡು" ಎಂದು ಹೇಳಿ ಇಳಿದ.

ಹಾನಗಲ್ಲಿನಲ್ಲಿ ಬಸ್ಸು ಅರ್ಧ ತುಂಬಿತು, ತಡಸ ಬರುವಷ್ಟರಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಒಂಬತ್ತೂಕಾಲಿಗೆ ಹುಬ್ಬಳ್ಳಿ ಮುಟ್ಟಿದಾಗ ಸುಧಾರಾಣಿ ಲೆಕ್ಕ ಹಾಕಿದಳು. ನೂರೈದು ಕಿಲೋಮೀಟರಿಗೆ ಮೂರೂಕಾಲು ತಾಸು. ಇಲ್ಲಿಂದ ಮೈಸೂರು ನಾನೂರಕ್ಕೂ ಹೆಚ್ಚು. ಅದಕ್ಕೆ ಒಂದು ತಾಸು ಹತ್ತು ನಿಮಿಷ. ಲೆಕ್ಕ ಸರಿಯೇ ಇತ್ತು, ಮನಸ್ಸು ಮಾತ್ರ ಒಪ್ಪಲಿಲ್ಲ.

ರಕ್ತನಿಧಿಯ ಬಾಗಿಲಲ್ಲಿ ರಂಜನಾ ಕಾಯುತ್ತಿದ್ದಳು. ದನಿಯಿಂದ ಸುಧಾರಾಣಿ ಅಂದುಕೊಂಡದ್ದಕ್ಕಿಂತ ಚಿಕ್ಕವಳು, ಮೂವತ್ತರ ಆಸುಪಾಸು. ಕಾಲೇಜಿನಲ್ಲಿ ಪಾಠ ಮಾಡುತ್ತಾಳಂತೆ, ಇವತ್ತು ರಜೆ ಹಾಕಿದ್ದಳು. ಅವಳ ಹಿಂದೆ ಬೆಂಚಿನಿಂದ ವಯಸ್ಸಾದ ಗಂಡಸೊಬ್ಬರು ಎದ್ದು ನಿಂತರು. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಹಳೆಯ ಅಂಗಿ, ಹೆಗಲ ಮೇಲೆ ಚೌಕಳಿಯ ವಸ್ತ್ರ. ಬೆರಳ ತುದಿಗಳು ಹಸಿರುಗಪ್ಪಾಗಿದ್ದವು.

"ಇವರು ಹಸನಸಾಬರು. ಸವಣೂರಿನೋರು. ಅಖ್ತರುನ್ನೀಸಾ ಇವರ ಮಗಳು" ಅಂದಳು ರಂಜನಾ. "ರಕ್ತದ ಪೆಟಿಗಿ ತಗೊಂಡು ಹೋಗೋರು ಇವರ."

ಮೈಸೂರಿನ ಬಾಣಂತಿಗೆ ಹೆಸರಿರಬಹುದು ಎಂದು ಸುಧಾರಾಣಿ ಈತನಕ ಯೋಚಿಸಿರಲಿಲ್ಲ. ಹಸನಸಾಬರು ಎದೆಗೆ ಕೈ ಮುಟ್ಟಿಸಿದರು. ಏನೋ ಹೇಳಲು ಬಾಯಿ ತೆರೆದು, ಕೊನೆಗೆ, "ನಾಷ್ಟಾ ಆಗೈತೇನ್ರಿ ತಂಗಿ?" ಎಂದು ಕೇಳಿದರು.

ಒಳಗೆ ತಂತ್ರಜ್ಞ ಹುಡುಗಿಯೊಬ್ಬಳು ಸುಧಾರಾಣಿಯ ಬೆರಳಿಗೆ ಸೂಜಿ ಚುಚ್ಚಿ, ಒಂದು ಹನಿಯನ್ನು ನೀಲಿ ನೀರಿನ ಗಾಜಿನ ಲೋಟಕ್ಕೆ ಬಿಟ್ಟಳು. ಹನಿ ಮುಳುಗಿದರೆ ರಕ್ತ ಕೊಡಬಹುದು, ತೇಲಿದರೆ ಇಲ್ಲ. ಇದು ಸುಧಾರಾಣಿಗೆ ಗೊತ್ತಿತ್ತು. ಆರೋಗ್ಯ ಶಿಬಿರಗಳಲ್ಲಿ ಎಷ್ಟೋ ಸಲ ನೋಡಿದ್ದಳು. ಕೆಂಪು ಹನಿ ಗುಂಡಿಯಂತೆ ದುಂಡಗಾಗಿ ಅರ್ಧ ಲೋಟದವರೆಗೆ ಇಳಿಯಿತು. ಅಲ್ಲಿ ನಿಂತಿತು. ನಿಂತು, ತುಸು ಮೇಲಕ್ಕೆ ಬಂತು.

ಹುಡುಗಿ ರಂಜನಾಳ ಮುಖ ನೋಡಿದಳು.

ಬಾಗಿಲ ಚೌಕಟ್ಟಿನಲ್ಲಿ ಹಸನಸಾಬರು ನಿಂತಿದ್ದರು. ಅವರಿಗೆ ಪರೀಕ್ಷೆಯ ಅರ್ಥ ತಿಳಿದಿರಲಿಕ್ಕಿಲ್ಲ, ಆದರೆ ಕೋಣೆಯೊಳಗಿನ ಮೌನ ತಿಳಿಯಿತು. ಸುಧಾರಾಣಿಗೆ ನಾಚಿಕೆಯಾಯಿತು. ಎಷ್ಟು ಹೆಂಗಸರಿಗೆ ಗುಳಿಗೆ ಎಣಿಸಿ ಕೊಟ್ಟಿದ್ದಳು, ಹಸಿರು ಸೊಪ್ಪು ತಿನ್ನಿರಿ ಎಂದು ಎಷ್ಟು ಮನೆಗಳ ಪಡಸಾಲೆಯಲ್ಲಿ ಕೂತು ಹೇಳಿದ್ದಳು. ತಾನು ಮಾತ್ರ ಉಳಿದದ್ದನ್ನು ಉಂಡಿದ್ದಳು.

"ಲೋಟದ್ದು ಒಮ್ಮೊಮ್ಮೆ ತಪ್ಪು ತೋರಸ್ತದ" ಎಂದಳು ರಂಜನಾ. "ತೋಳಿನ ರಕ್ತ ತಗೊಂಡು ಮಷೀನಿಗೆ ಹಾಕ್ರಿ."

ಹಿಮೋಗ್ಲೋಬಿನ್ ಹನ್ನೆರಡೂವರೆ ಇರಬೇಕು. ಒಂದು ಗೆರೆ ಕಡಿಮೆಯಾದರೂ ತೆಗೆದುಕೊಳ್ಳುವಂತಿಲ್ಲ. ಮಷೀನಿನ ಚೀಟಿ ಬರಲು ಎಂಟು ನಿಮಿಷ ಹಿಡಿಯಿತು. ಸುಧಾರಾಣಿ ಗಂಡ ಕೊಟ್ಟ ಪೊಟ್ಟಣ ಬಿಚ್ಚಿ ಶೇಂಗಾ ತಿಂದಳು. ಈಗ ತಿಂದರೆ ಏನೂ ಆಗುವುದಿಲ್ಲ ಎಂದು ಗೊತ್ತಿದ್ದೂ ತಿಂದಳು.

ಹನ್ನೆರಡು ಪಾಯಿಂಟು ಆರು ಬಂತು.

"ಸಾಕು" ಅಂದರು ಡಾಕ್ಟರು, ಚೀಟಿಯ ಮೇಲೆ ಸಹಿ ಮಾಡಿ. "ಮಲಕೊಳ್ರಿ ಬಾಯಾರ."

ಸೂಜಿ ಒಳಗೆ ಹೋದ ಮೇಲೆ ರಂಜನಾ ಪಕ್ಕದಲ್ಲಿ ಸ್ಟೂಲು ಎಳೆದು ಕೂತಳು. ಸುಧಾರಾಣಿಯ ಕೈಗೆ ಮೆತ್ತನೆಯ ಚೆಂಡು ಕೊಟ್ಟಿದ್ದರು. ಅದನ್ನು ಹಿಸುಕುತ್ತ, ಬಿಡುತ್ತ, ಛಾವಣಿಯ ಪಂಖವನ್ನೇ ನೋಡುತ್ತ ಅವಳು ಕೇಳಿದಳು.

"ಅವತ್ತು ಕಲಬುರಗಿದು ಏನಾತ್ರಿ?"

ರಂಜನಾ ನೇರವಾಗಿ ಹೇಳಿದಳು. "ಅದ ದಿನ ಸಂಜಿ ಏಳಕ್ಕ ಹೋದ್ರು."

"ಗಂಡಸೇನ್ರಿ?"

"ಹೆಣ್ಣಮಗಳು. ವಯಸ್ಸಾಗಿತ್ತು."

ಚೆಂಡು ಹಿಸುಕಿದಳು, ಬಿಟ್ಟಳು.

"ನಾ ನಿಮಗ ಫೋನ್ ಮಾಡಿದಾಗ ಒಂದಾಗಿತ್ತು" ಅಂದಳು ರಂಜನಾ. "ನೀವು ಉಟ್ಟ ಬಟ್ಟಿ ಮ್ಯಾಲೆ ಹೊಂಟಿದ್ರೂ ಅಲ್ಲಿ ಮುಟ್ಟೂದು ಮಧ್ಯರಾತ್ರಿ ಆಗ್ತಿತ್ತು. ಉಪಯೋಗ ಆಗ್ತಿದ್ದಿಲ್ಲ."

"ಆದ್ರ 'ನಾಳೆ ನೋಡೋಣು' ಅನ್ನೂ ಮುಂದ ನಂಗ ಅದು ಗೊತ್ತಿದ್ದಿಲ್ಲಲ್ರಿ."

"ಇಲ್ಲ" ಅಂದಳು ರಂಜನಾ. "ಗೊತ್ತಿದ್ದಿಲ್ಲ."

ಸಮಾಧಾನದ ಮಾತು ಅವಳು ಮುಂದುವರಿಸಲಿಲ್ಲ. ಅದು ಒಳ್ಳೆಯದೇ ಆಯಿತು ಅನ್ನಿಸಿತು ಸುಧಾರಾಣಿಗೆ. ಪಕ್ಕದಲ್ಲಿ ತಕ್ಕಡಿಯಂಥ ಸಣ್ಣ ಯಂತ್ರದ ಮೇಲೆ ಚೀಲ ತೂಗುತ್ತ ತುಂಬುತ್ತಿತ್ತು. ತುಂಬಿದಾಗ ಯಂತ್ರ ಕೀಕೀ ಎಂದಿತು. ಹುಡುಗಿ ಬಂದು ಚೀಲಕ್ಕೆ ಒಂದು ನಂಬರಿನ ಚೀಟಿ ಹಚ್ಚಿ ತೆಗೆದುಕೊಂಡು ಹೋದಳು.

ಪರೀಕ್ಷೆಗಳು ಮುಗಿಯಲು ಎರಡೂವರೆ ತಾಸು ಬೇಕು ಎಂದರು. ಸುಧಾರಾಣಿ ಹೊರಟುಬಿಡಬಹುದಿತ್ತು. ಗಂಡನಿಗೆ ಫೋನು ಮಾಡಿ, ಆಯಿತು, ಆರಾಮ ಇದ್ದೇನೆ ಎಂದಳು. ಎರಡು ಗಂಟೆಯ ತನಕ ಇದ್ದು ಬರುತ್ತೇನೆ ಎಂದೂ ಹೇಳಿದಳು. ಯಾಕೆ ಎಂದು ಅವನು ಕೇಳಲಿಲ್ಲ.

ಅಂಗಳದ ಬೇವಿನ ಮರದ ಕೆಳಗೆ ಹಸನಸಾಬರು ಎಳನೀರು ತರಿಸಿಟ್ಟಿದ್ದರು. ಅವಳು ಕುಡಿಯುವ ತನಕ ಅತ್ತ ಮುಖ ಮಾಡಿ ಕೂತರು.

"ಒಳಗ ಇಟ್ಟಿದ್ದ ನೀಲಿ ನೀರು ಮೈಲುತುತ್ತ ಹೌದಿಲ್ರಿ?" ಎಂದರು ಆಮೇಲೆ. "ನಾವು ಎಲಿಬಳ್ಳಿಗೆ ಸುಣ್ಣದ ಕೂಡ ಕಲಸಿ ಹೊಡೀತೇವಿ. ಬಣ್ಣ ನೋಡಿ ಗೊತ್ತಾತು. ಅದರಾಗ ರಕ್ತ ಯಾಕ ಹಾಕಿದ್ರೋ ಅಂತ ನಿಂತಿದ್ದೆ."

ಅವರದು ಸವಣೂರಿನ ಹೊರಗೆ ಮೂವತ್ತು ಗುಂಟೆ ಎಲೆತೋಟ. ಅಪ್ಪನ ಕಾಲದಿಂದ ವೀಳ್ಯದೆಲೆ ಕೊಯ್ದು, ಪೆಂಡಿ ಕಟ್ಟಿ, ದೂರದ ಪೇಟೆಗಳಿಗೆ ಕಳಿಸುತ್ತ ಬಂದವರು. ಮಗಳನ್ನು ನಾಲ್ಕು ವರ್ಷದ ಹಿಂದೆ ಮೈಸೂರಿಗೆ ಕೊಟ್ಟಿದ್ದರು. ಅಳಿಯ ಅಲ್ಲಿ ಬಡಗಿ. ಹೆಂಡತಿ ರಹಿಮಾಬಿ ಬಾಣಂತನಕ್ಕೆಂದು ತಿಂಗಳ ಹಿಂದೆಯೇ ಹೋಗಿದ್ದಳು.

"ಕೊಟ್ಟಾಗ ಎಲ್ಲಾರೂ ದೂರ ಆತು ಅಂದ್ರು. ನನಗೂ ಹಂಗ ಅನಸ್ತು. ನಾಕು ವರ್ಷದಾಗ ಎರಡು ಸಲ ಹೋಗೇನಿ. ಬಳ್ಳಿಗೆ ದಿನಾ ನೀರು ಬೇಕು, ಎಲಿ ಬಿಟ್ಟು ಬರಾಕ ಆಗೂದಿಲ್ಲ ಅಂತಿದ್ದೆ. ಈಗ ಈ ಅಕ್ಕಾರು ಒಂದು ತಾಸು ಹತ್ತು ನಿಮಿಷ ಅಂತಾರ. ನಾ ಮುಂಜಾನೆ ಸವಣೂರಿಂದ ಇಲ್ಲಿಗೆ ಬರಾಕ ಎರಡು ತಾಸು ಹಿಡೀತು." ಹಸನಸಾಬರು ಬೆರಳುಗಳನ್ನು ಒಂದರೊಳಗೊಂದು ಹೆಣೆದು ಬಿಡಿಸಿದರು. "ಇಷ್ಟು ಸನೇದಾಗ ಇತ್ತೇನ್ರಿ ಅದು?"

ಸುಧಾರಾಣಿ ಖಾಲಿ ಎಳನೀರನ್ನು ಬೇವಿನ ಬುಡಕ್ಕಿಟ್ಟಳು. "ನಾನೂ ಹತ್ತಿಲ್ರಿ ವಿಮಾನ" ಅಂದಳು.

"ನನ್ನ ರಕ್ತ ನೋಡಿದ್ರು, ಅವರಮ್ಮಂದು ನೋಡಿದ್ರು, ತಮ್ಮಂದಿರದೂ ನೋಡಿದ್ರು. ನಮ್ಮ ಹೊಟ್ಟ್ಯಾಗ ಹುಟ್ಟಿದಾಕಿಗೆ ನಮ್ಮದೊಂದೂ ಆಗಲಿಲ್ಲ."

"ನಮ್ಮ ಮನ್ಯಾಗೂ ಹಂಗ ಆಗಿತ್ರಿ."

ಅವರು ಅವಳತ್ತ ನೋಡಿದರು. ಮೊದಲ ಸಲ ನೇರವಾಗಿ ನೋಡಿದ್ದು ಆಗಲೇ. ಸುಧಾರಾಣಿ ತನ್ನ ಹೆರಿಗೆಯ ಕತೆ ಹೇಳಿದಳು, ಹದಿನೇಳು ಮಂದಿಯ ಕತೆ. ನಲವತ್ತು ದಿನ ಮಲಗಿದ್ದಾಗ ಛಾವಣಿಯ ತೊಲೆಗಳನ್ನು ಎಣಿಸುತ್ತಿದ್ದೆ ಎಂದಳು. ಮುಗಿದಾಗ, "ಮಗಳು ಎಷ್ಟನೇತ್ತಾ?" ಎಂದು ಕೇಳಿದರು.

"ಒಂಬತ್ತನೇತ್ತಾ."

"ಚಲೋ ಆತು" ಅಂದರು. ಇನ್ನೊಮ್ಮೆ ಅಂದರು.

ಒಂದೂ ಕಾಲಿಗೆ ಪೆಟ್ಟಿಗೆ ಹೊರಗೆ ಬಂತು. ಬಿಳಿಯ ದಪ್ಪ ಗೋಡೆಯ ಸಣ್ಣ ಪೆಟ್ಟಿಗೆ, ಅದರ ಸುತ್ತ ಅಂಟುಪಟ್ಟಿ. ಒಳಗೆ ಮಂಜಿನ ಗಡ್ಡೆಗಳ ನಡುವೆ ಚೀಲ. ತೆರೆಯಬಾರದು, ಬಿಸಿಲಿಗೆ ಇಡಬಾರದು, ಕುಲುಕಬಾರದು, ಮಂಜು ನೇರ ಚೀಲಕ್ಕೆ ತಾಗದಂತೆ ನಡುವೆ ಕಾಗದ ಇದೆ ಎಂದು ಹುಡುಗಿ ಹೇಳುತ್ತಿದ್ದಳು. ಹಸನಸಾಬರು ಒಂದೊಂದಕ್ಕೂ ತಲೆಯಾಡಿಸಿದರು.

"ತಿಳೀತವ್ವ. ತಂಪು ಬೇಕು, ಆದ್ರ ತಂಪೂ ಬಡೀಬಾರದು. ನಲವತ್ತು ವರ್ಷ ಎಲಿ ಹಿಂಗ ಒಯ್ದೇನಿ." ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ತೂಕ ನೋಡಿದವರಂತೆ ನಿಂತರು. "ಎಲಿ ಸೋತ್ರ ಬಣ್ಣದಾಗ ಗೊತ್ತಾಗ್ತೈತಿ. ಇದು ಸೋತ್ರ ಗೊತ್ತಾಗೂದಿಲ್ಲ. ಅದೊಂದ."

"ಸೋಲೂದಿಲ್ರಿ ಅಜ್ಜಾರ" ಎಂದಳು ಹುಡುಗಿ. "ಹನ್ನೆರಡು ತಾಸು ತಡೀತದ."

ರಂಜನಾ ಆಟೋ ತಂದಳು. ಬಸ್ ನಿಲ್ದಾಣವೂ ವಿಮಾನ ನಿಲ್ದಾಣವೂ ಗೋಕುಲ ರಸ್ತೆಯಲ್ಲೇ. ಬಸ್ ನಿಲ್ದಾಣದ ಎದುರು ಆಟೋ ನಿಧಾನವಾದಾಗ ಸುಧಾರಾಣಿ ಇಳಿಯಲಿಲ್ಲ. "ಗೇಟಿನ ತನಕ ಬರ್ತೇನಿ" ಎಂದಳು. ದಾರಿಯುದ್ದಕ್ಕೂ ಹಸನಸಾಬರು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಗುಂಡಿ ಬಂದಾಗಲೆಲ್ಲ ಅದನ್ನು ತುಸು ಎತ್ತಿ ಹಿಡಿಯುತ್ತಿದ್ದರು.

ವಿಮಾನ ನಿಲ್ದಾಣ ಅವರಿಬ್ಬರೂ ಎಣಿಸಿದ್ದಕ್ಕಿಂತ ಚಿಕ್ಕದಿತ್ತು. ಮುಂದೆ ಕತ್ತರಿಸಿದ ಹುಲ್ಲು, ಗಾಜಿನ ಬಾಗಿಲು, ಬಂದೂಕು ಹಿಡಿದ ಪೊಲೀಸ. ಆಸ್ಪತ್ರೆಯ ಪತ್ರ, ರಕ್ತನಿಧಿಯ ಪತ್ರ, ಟಿಕೆಟ್ಟು, ಆಧಾರ್ ಕಾರ್ಡು ಎಲ್ಲವನ್ನೂ ರಂಜನಾ ಒಂದು ಪ್ಲಾಸ್ಟಿಕ್ ಹಾಳೆಯಲ್ಲಿ ಜೋಡಿಸಿ ಕೊಟ್ಟಿದ್ದಳು. ನಿನ್ನೆಯೇ ಒಳಗೆ ತಿಳಿಸಿಯೂ ಇದ್ದಳು. ಆಗ ಅವಳ ಫೋನಿಗೆ ಸಂದೇಶ ಬಂತು. ಓದಿ, ಒಮ್ಮೆ ಉಸಿರು ಬಿಟ್ಟಳು.

"ಮೈಸೂರಿಂದ ಬರೋ ವಿಮಾನ ತಡ ಅದ. ಅದ ತಿರುಗಿ ಹೋಗೂದು. ನಲವತ್ತು ನಿಮಿಷ."

"ಮೂರೂ ಐವತ್ತು" ಅಂದಳು ಸುಧಾರಾಣಿ. "ಐದಕ್ಕ ಮುಟ್ಟತದ. ಕತ್ತಲಾಗೂದು ಆರೂವರೆಗೆ."

ಮೂವರೂ ಅದನ್ನು ಮನಸ್ಸಿನಲ್ಲಿ ಮತ್ತೊಮ್ಮೆ ಕೂಡಿಸಿ ನೋಡಿದರು. ಸರಿ ಹೊಂದಿತು. ಹಸನಸಾಬರು ಪೆಟ್ಟಿಗೆಯ ತಳಕ್ಕೆ ಅಂಗೈ ಹಚ್ಚಿ, "ತಂಪೈತಿ" ಎಂದರು. ಹೆಗಲ ವಸ್ತ್ರವನ್ನು ನಲ್ಲಿಯ ನೀರಿನಲ್ಲಿ ಅದ್ದಿ, ಹಿಂಡಿ, ಪೆಟ್ಟಿಗೆಗೆ ಸುತ್ತತೊಡಗಿದರು. ಅದು ಬೇಕಿಲ್ಲ ಎಂದಳು ರಂಜನಾ. "ಇರ್ಲಿ ಬಿಡ್ರಿ" ಎಂದು ಗಂಟು ಹಾಕಿದರು.

ಬಾಗಿಲತ್ತ ನಾಲ್ಕು ಹೆಜ್ಜೆ ಹೋದವರು ತಿರುಗಿ ಬಂದರು.

"ನಿಮ್ಮ ಹೆಸರು ಕೇಳಲಾರದ ಹೊಂಟಿದ್ದೆ. ಚೀಲದ ಮ್ಯಾಲೆ ನಂಬರಷ್ಟ ಐತಿ. ಅವರಮ್ಮ ಕೇಳ್ತಾಳ."

"ಸುಧಾರಾಣಿ ಅಂತ್ರಿ. ಚಿಕ್ಕೇರೂರು."

"ಸುಧಾರಾಣಿ. ಚಿಕ್ಕೇರೂರು" ಎಂದರು ಅವರು, ಮರೆಯಬಾರದ ವಿಳಾಸವನ್ನು ಬಾಯಿಪಾಠ ಮಾಡುವವರಂತೆ. ಪೊಲೀಸನು ಪತ್ರ ಓದಿ, ಗಾಜಿನ ಬಾಗಿಲನ್ನು ತಾನೇ ಹಿಡಿದು ನಿಂತ. ಅವರು ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡು, ಹೊಸ್ತಿಲು ಇಲ್ಲದ ಆ ಬಾಗಿಲಲ್ಲಿ ಹೊಸ್ತಿಲಿದೆಯೆಂಬಂತೆ ಕಾಲೆತ್ತಿ ದಾಟಿದರು.

ಸುಧಾರಾಣಿಗೆ ಮೂರು ಗಂಟೆಯ ಬಸ್ಸು ಸಿಕ್ಕಿತು. ತಡಸದಲ್ಲಿ ಡ್ರೈವರು ಚಹಾ ಕುಡಿಯಲು ಇಳಿದ. ಅವಳೂ ಇಳಿದಳು. ಗೂಡಂಗಡಿಯ ಹಲಗೆಯ ಮೇಲೆ ಕೂತು ಸಕ್ಕರೆ ಹೆಚ್ಚಿಗೆ ಹಾಕಿಸಿಕೊಂಡು ಚಹಾ ಕುಡಿಯುತ್ತಿದ್ದಾಗ ಮೂಡಣ ದಿಕ್ಕಿನಲ್ಲಿ ಸದ್ದು ಕೇಳಿತು. ಹತ್ತಿಯ ಹೊಲಗಳಾಚೆ, ಇನ್ನೂ ಪೂರ್ತಿ ಎತ್ತರಕ್ಕೆ ಏರದ ವಿಮಾನವೊಂದು, ಎರಡು ಪಂಖ ತಿರುಗಿಸುತ್ತ ಸವಣೂರಿನ ಕಡೆ ಹೊರಟಿತ್ತು. ಗಡಿಯಾರ ನೋಡಿಕೊಂಡಳು. ನಾಲ್ಕಕ್ಕೆ ಐದು ನಿಮಿಷ. ಅದೇ ಇರಬೇಕು. ಗೂಡಂಗಡಿಯವನು ಹಾಲು ಉಕ್ಕದಂತೆ ಸೌಟು ಆಡಿಸುತ್ತಿದ್ದ. ಪಕ್ಕದವರು ಹತ್ತಿ ದರದ ಮಾತಾಡುತ್ತಿದ್ದರು. ಯಾರೂ ತಲೆಯೆತ್ತಲಿಲ್ಲ.

ತನ್ನ ಮೈಯಲ್ಲಿದ್ದದ್ದು ತನಗಿಂತ ಮುಂದೆ ಹೋಗುತ್ತಿದೆ ಎಂದು ಅವಳಿಗೆ ಅನ್ನಿಸಿತು. ತಾನು ಹಾನಗಲ್ಲು ಮುಟ್ಟುವಾಗ ಅದು ಮೈಸೂರಿನಲ್ಲಿರುತ್ತದೆ. ಅವಳು ಮೈಸೂರು ನೋಡಿರಲಿಲ್ಲ.

ಬಸ್ಸು ಹಾನಗಲ್ಲಿನ ಹೊರಗಿನ ಸೇತುವೆ ದಾಟುವಾಗ ಫೋನು ಬಂತು. ರಂಜನಾಳಿಂದ ನಂಬರು ಪಡೆದಿದ್ದ ಹಸನಸಾಬರು ಏರುದನಿಯಲ್ಲಿ ಮಾತಾಡುತ್ತಿದ್ದರು, ಸುತ್ತ ಗಾಡಿಗಳ ಸದ್ದು.

"ಮುಟ್ಟೇನ್ರಿ ತಂಗಿ. ಅಳಿಯ ಗಾಡಿ ತಗೊಂಡು ನಿಂತಿದ್ದ. ಈಗ ದವಾಖಾನಿಗೆ ಹೊಂಟೇವಿ. ತಂಪೈತಿ, ಏನೂ ಆಗಿಲ್ಲ."

"ಹೆಂಗಾತ್ರಿ ವಿಮಾನ?"

"ನಮ್ಮೂರ ಮ್ಯಾಲ ಹೋತಂತ. ಪಕ್ಕದಾಗ ಕುಂತ ಹುಡುಗ, ಅಕಾ ನೋಡ್ರಿ ಅಜ್ಜಾರ, ಸವಣೂರ ಅಂದ. ನಾ ನೋಡಲಿಲ್ರಿ. ಕಾಲ ಮುಂದ ಪೆಟಿಗಿ ಇತ್ತು. ಅದನ್ನ ನೋಡ್ಕೋತ ಕುಂತಿದ್ದೆ."

ಮನೆಗೆ ಬಂದಾಗ ಮೃತ್ಯುಂಜಯ ಅಂಗಡಿಯಿಂದ ಬೇಗ ಬಂದು ಕಟ್ಟೆಯ ಮೇಲೆ ಕೂತಿದ್ದ. ತೋಳು ತೋರಿಸು ಎಂದ. ಹತ್ತಿ ಅಂಟಿಸಿದ್ದ ಜಾಗವನ್ನು ಪಂಪಿನ ಸೋರಿಕೆ ನೋಡುವವನಂತೆ ಬಗ್ಗಿ ನೋಡಿದ. ರಾತ್ರಿಯ ರೊಟ್ಟಿಯನ್ನು ವಿದ್ಯಾ ಬಡಿದಳು. ಅವು ದಪ್ಪ ಇದ್ದವು, ಅಂಚು ಹರಿದಿದ್ದವು. ಮೂವರೂ ಅವನ್ನೇ ಉಂಡರು. ಫೋನು ದೇವರ ಗೂಡಿನ ಪಕ್ಕದಲ್ಲಿತ್ತು. ಅದು ಸದ್ದು ಮಾಡಲಿಲ್ಲ.

ಮರುದಿನ ಹತ್ತು ಗಂಟೆಗೆ, ಮಕ್ಕಳಿಗೆ ಹಾಲು ಕೊಡುತ್ತಿದ್ದಾಗ, ರಂಜನಾ ಕರೆ ಮಾಡಿದಳು.

"ಏಳಕ್ಕ ಒಳಗ ಕರಕೊಂಡ್ರಂತ. ಹೊರಗ ಬರಾಕ ಹತ್ತಾತು. ಎರಡೂ ಚೀಲ ಹತ್ತಿದ್ವು." ಆಮೇಲೆ ಹೇಳಿದಳು, "ಗರ್ಭಕೋಶ ತಗೀಬೇಕಾತು. ಇನ್ನ ಮಕ್ಕಳಾಗೂದಿಲ್ಲ. ಅಖ್ತರುನ್ನೀಸಾ ಆರಾಮ ಅದಾಳ. ಮುಂಜಾನೆ ನೀರು ಕೇಳಿದ್ಲಂತ."

ಸುಧಾರಾಣಿ ಫೋನನ್ನು ಕಿಟಕಿಯಲ್ಲಿಟ್ಟು ಉಳಿದ ಲೋಟಗಳಿಗೆ ಹಾಲು ಹಾಕಿದಳು. ಒಬ್ಬ ಹುಡುಗ ಚೆಲ್ಲಿಕೊಂಡ, ಒರೆಸಿದಳು. ಅಡಿವೆವ್ವ ಅಡುಗೆಮನೆಯ ಬಾಗಿಲಿಂದ ನೋಡಿದಳು. "ಅದಾಳಂತ" ಅಂದಳು ಸುಧಾರಾಣಿ. ಅಡಿವೆವ್ವ ತಲೆಯಾಡಿಸಿ ಒಳಗೆ ಹೋದಳು.

ಮಧ್ಯಾಹ್ನ ಊಟವಾದ ಮೇಲೆ ಮಕ್ಕಳು ಚಾಪೆಯ ಮೇಲೆ ಸಾಲಾಗಿ ಮಲಗಿದವು. ದಿನವೂ ಆ ಹೊತ್ತಿನಲ್ಲಿ ಸುಧಾರಾಣಿಗೆ ಏನಾದರೊಂದು ಕೆಲಸವಿರುತ್ತಿತ್ತು. ಇವತ್ತು ಅವಳು ಸಾಲಿನ ತುದಿಯಲ್ಲಿ, ಸುಮ್ಮನೆ ಬೆನ್ನು ಚಾಚಲೆಂದು, ಮಲಗಿದಳು. ಪಕ್ಕದ ಹುಡುಗಿ ನಿದ್ದೆಯಲ್ಲಿ ಹೊರಳಿ ಅವಳ ಮೊಣಕೈಯ ಮಡಿಕೆಯ ಮೇಲೆ ಅಂಗೈ ಇಟ್ಟಳು. ಅಲ್ಲಿ ಸೂಜಿ ಚುಚ್ಚಿದ ಜಾಗ ಇನ್ನೂ ನೋಯುತ್ತಿತ್ತು. ಸುಧಾರಾಣಿ ಕೈ ಸ್ವಲ್ಪ ಸರಿಸಬೇಕೆಂದುಕೊಂಡಳು. ಸರಿಸುವ ಮೊದಲೇ ಕಣ್ಣು ಮುಚ್ಚಿತು.

ಪಾತ್ರೆ ತೊಳೆದು ಬಂದ ಅಡಿವೆವ್ವ ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ಸ್ವಲ್ಪ ಹೊತ್ತು ನಿಂತಳು. ಬಿಸಿಲು ಚಾಪೆಯ ಅಂಚಿಗೆ ಬಂದಿತ್ತು. ಕಿಟಕಿಯ ಒಂದು ಕದವನ್ನು ಸದ್ದಾಗದಂತೆ ಎಳೆದು ಹಾಕಿ, ಅವಳು ಕಟ್ಟೆಯ ಮೇಲೆ ಹೋಗಿ ಕೂತಳು.